ವಾಣಿ ಕಟ್ಟಿದ ಉಪ್ಪುನೀರಿನ ಟ್ಯಾಂಕು

ಗದ್ದೆಗೆ ಔಷಧಿ ಹೊಡೆಯುವ ಟ್ರ್ಯಾಕ್ಟರ್ ಸ್ಪ್ರೇಯರ್ ಬೇಕೆಂದರೆ ಹರಿಹರದ ಸುತ್ತಲಿನ ರೈತರು ಅಲ್ಲೇ ಇರುವ ವಾಣಿಯ ಶೆಡ್ಡಿಗೆ ಹೋಗುತ್ತಾರೆ. ನಲವತ್ತಾರರ ವಾಣಿ ದಿನಾ ದಾವಣಗೆರೆಯ ನಿಟ್ಟುವಳ್ಳಿಯಿಂದ ಸ್ಕೂಟಿಯಲ್ಲಿ ಬರುತ್ತಾಳೆ. ವೆಲ್ಡಿಂಗ್ ಕಲಿಸಿದ್ದು ಅಪ್ಪ ಮುರುಗೇಶಪ್ಪ. ಅನುಮಾನ ಪಡುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಔಷಧಿ ಚಿಮ್ಮುವ ನಾಜಲ್ ಸ್ಟೇನ್‌ಲೆಸ್ ಸ್ಟೀಲಿನದು ಎಂದು ಯಾರಾದರೂ ತಂದುಕೊಟ್ಟರೆ, ಬರೀ ಕಬ್ಬಿಣವೇನೋ ಎಂದು ಮೊದಲು ಅಯಸ್ಕಾಂತ ಹಿಡಿದು ನೋಡುವವಳು ಅವಳು.

ಹೋದ ವರ್ಷ ಸೆಪ್ಟೆಂಬರಿನಲ್ಲಿ ಕಾಂತರಾಜ್ ಎಂಬ ಇಂಜಿನಿಯರ್ ಬಂದ. ದಾವಣಗೆರೆಯದೇ ದೇವರಾಜ ಅರಸು ಬಡಾವಣೆಯವನು, ಈಗ ಹಿಮಾಚಲದಲ್ಲಿ ರಸ್ತೆ ಗುತ್ತಿಗೆದಾರರ ಹತ್ತಿರ ಕೆಲಸ. ಲಾರಿ ಮೇಲೆ ಕೂರಿಸುವ ಟ್ಯಾಂಕು, ಹಿಂದುಗಡೆ ಅಡ್ಡಪೈಪು, ಅದಕ್ಕೆ ಸಾಲು ನಾಜಲ್ ಬೇಕು ಅಂದ.

"ಏನು ಹೊಡಿತೀರಿ ಇದ್ರಾಗೆ?" ವಾಣಿ ಕೇಳಿದಳು.

"ಉಪ್ಪುನೀರು, ಅಕ್ಕಾರೆ. ಹಿಮ ಬೀಳೋಕೆ ಮುಂಚೆ ರಸ್ತೆಗೆ ಹೊಡಿಯೋದು."

"ಆ ಚಳಿಯಾಗೆ ರಸ್ತೆಗೆ ನೀರು ಹೊಡಿತಾರಾ? ಅಷ್ಟು ದೂರದಿಂದ ನನ್ನ ಹತ್ರಾನೇ ಯಾಕ ಬಂದ್ರಿ?"

"ನಮ್ಮ ಮಾವನ ಗದ್ದೇಲಿ ನಿಮ್ಮ ಸ್ಪ್ರೇಯರ್ ನೋಡ್ದೆ. ಒಂದು ಹನೀನೂ ಸೋರ್ತಿರಲಿಲ್ಲ."

ಹೊಗಳಿಕೆ ಕೇಳಿ ವಾಣಿಗೆ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಗಂಡನ ಊರಿನಲ್ಲಿ ದಾಯಾದಿ ಜಗಳಕ್ಕೆ ಒಬ್ಬರ ಸಸಿಮಡಿಗೆ ಉಪ್ಪು ಸುರಿದು ಪೈರೆಲ್ಲ ಸುಟ್ಟುಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಇವನು ಯಾರ ಹೊಲದ ಮೇಲೆ ಕಣ್ಣಿಟ್ಟಿದ್ದಾನೋ! "ನಾಲ್ಕು ದಿನ ಬಿಟ್ಟು ಬರ್ರಿ" ಎಂದು ಸಾಗಹಾಕಿದಳು.

ಮರುದಿನವೇ ಆನೆಕೊಂಡದ ಕಡೆ ಐಸ್ ಫ್ಯಾಕ್ಟರಿ ನಡೆಸುವ ಸಿಕಂದರ್ ಹತ್ತಿರ ಹೋದಳು. ವಿಷಯ ಕೇಳಿದ ಸಿಕಂದರ್ ನಗುತ್ತ ತೊಟ್ಟಿಯ ಮೇಲಿನ ಹಲಗೆ ಎತ್ತಿದ. ಕಪ್ಪು ನೀರಿನಲ್ಲಿ ಉದ್ದುದ್ದ ತಗಡಿನ ಡಬ್ಬಿಗಳು ಮುಳುಗಿ ನಿಂತಿದ್ದವು.

"ಡಬ್ಬಿ ಒಳಗಿನ ನೀರು ಗಡ್ಡೆ ಕಟ್ಟೈತೆ. ಸುತ್ತ ಇರೋ ನೀರು ಯಾಕ ಕಟ್ಟಿಲ್ಲ ಹೇಳ್ರಿ ನೋಡಾಣ?"

ವಾಣಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಬರೀ ಉಪ್ಪು.

ಅಷ್ಟಕ್ಕೇ ನಂಬುವ ಜೀವ ಅದಲ್ಲ. ಎರಡು ಸಿಮೆಂಟ್ ಇಟ್ಟಿಗೆ ತರಿಸಿದಳು. ಒಂದಕ್ಕೆ ಗಟ್ಟಿ ಉಪ್ಪುನೀರು ಬಳಿದು ಒಣಗಿಸಿದಳು, ಇನ್ನೊಂದನ್ನು ಹಾಗೇ ಬಿಟ್ಟಳು. ಎರಡರ ಮೇಲೂ ಐಸ್ ಪುಡಿ ಉದುರಿಸಿ, ನೀರು ಚಿಮುಕಿಸಿ, ಸಿಕಂದರನ ಶೀತಲ ಕೋಣೆಯಲ್ಲಿ ಎರಡು ತಾಸು ಇರಿಸಿದಳು. ತೆಗೆದು ನೋಡಿದರೆ ಬರಿ ಇಟ್ಟಿಗೆಯ ಐಸು ಉಳಿ ಬಡಿದರೂ ಬಿಡಲಿಲ್ಲ. ಉಪ್ಪು ಬಳಿದದ್ದರ ಮೇಲಿನದು ಹೆಬ್ಬೆರಳಲ್ಲಿ ತಳ್ಳಿದರೆ ಜಾರಿ ಬಿತ್ತು.

ಕಾಂತರಾಜ್ ಮತ್ತೆ ಬಂದಾಗ ಅವಳ ಪ್ರಶ್ನೆ ಬೇರೆಯಾಗಿತ್ತು. "ಹಿಮ ಅಂಟಂಗಿಲ್ಲ, ಒಪ್ಪಿದೆ. ಆದ್ರೆ ಉಪ್ಪಿನ ಹರಳನ್ನೇ ಎರಚಬಹುದಲ್ಲ?"

"ಹರಳು ಗಾಡಿ ಚಕ್ರಕ್ಕೆ ಸಿಡಿದು ಅರ್ಧಕ್ಕರ್ಧ ಪಕ್ಕದ ತೋಟಕ್ಕೆ ಹೋಗ್ತದೆ ಅಕ್ಕಾರೆ. ನೀರಾದ್ರೆ ಬಿದ್ದಲ್ಲೇ ಹಿಡಿತದೆ, ಕಡಿಮೆ ಉಪ್ಪು ಸಾಕು. ಆಮೇಲೆ ಹಿಮ ಕೆರೆದು ತೆಗೆಯೋದೂ ಸಲೀಸು. ತೀರಾ ಕೊರೆಯೋ ಚಳಿಗೆ ಮಾತ್ರ ಇದು ನಡೆಯಲ್ಲ."

ಕೊನೆಯ ಮಾತು ಕೇಳಿ ವಾಣಿಗೆ ಅವನ ಮೇಲೆ ಮೊದಲ ಸಲ ಚೂರು ನಂಬಿಕೆ ಬಂತು. ಸುಳ್ಳು ಹೇಳುವವನು ಕೊರತೆ ಹೇಳುವುದಿಲ್ಲ. ಆದರೂ ಅವನ ಆಧಾರ್ ಕಾರ್ಡಿನ ಜೆರಾಕ್ಸ್, ಲಾರಿ ನಂಬರು ಎರಡನ್ನೂ ಇಸಕೊಂಡಳು. ಉಪ್ಪು ಕಬ್ಬಿಣ ತಿನ್ನುತ್ತದೆಂದು ಪ್ಲಾಸ್ಟಿಕ್ ಟ್ಯಾಂಕು, ಸ್ಟೇನ್‌ಲೆಸ್ ಸ್ಟೀಲಿನ ಪೈಪೇ ಹಾಕಿದಳು. ನೀರು ಗಾಳಿಗೆ ಹಾರದಂತೆ ನಾಜಲ್ ಸಾಲನ್ನು ನೆಲದಿಂದ ಒಂದೇ ಅಡಿ ಎತ್ತರಕ್ಕೆ ಇಳಿಸಿದಳು.

ಜನವರಿಯ ಒಂದು ಬೆಳಿಗ್ಗೆ ಕಾಂತರಾಜ್ ವಿಡಿಯೋ ಕಾಲ್ ಮಾಡಿದ. ಗುಡ್ಡವೆಲ್ಲ ಬೆಳ್ಳಗೆ, ನಡುವೆ ಕರ್ರಗೆ ಒದ್ದೆ ರಸ್ತೆ.

"ಬ್ಯಾರೆ ಊರಿನ ರಸ್ತೆ ತೋರಿಸ್ತಿರಬೇಕು ನೀವು. ಲಾರಿ ತೋರಿಸ್ರಿ. ನಂಬರು... ಹಂಗೇ ಪೈಪಿನ ಮೂಲೆ."

ಮೂಲೆಯಲ್ಲಿ ಅವಳದೇ ವೆಲ್ಡಿಂಗ್ ಇತ್ತು.

"ಈಗ ನೀರು ಹೊಡಿಯದೇ ಇರೋ ಕಡೆ ಹೋಗ್ರಿ."

ಅವನು ಹೋದ. ಎರಡು ಹೆಜ್ಜೆ ಇಡುವಷ್ಟರಲ್ಲಿ ಕಾಲು ಜಾರಿತು, ಫೋನು ಆಕಾಶ ತೋರಿಸಿತು. "ಪೆಟ್ಟಾಯ್ತಾ?" ಎಂದು ಕೂಗಿದ ವಾಣಿ, ಅವನು ನಗುತ್ತ ಎದ್ದ ಮೇಲೆ ತಾನೂ ನಕ್ಕಳು. ಕಪ್ಪು ರಸ್ತೆಯ ಮೇಲೆ ಶಾಲೆಯ ಬಸ್ಸೊಂದು ನಿಧಾನಕ್ಕೆ ತಿರುವು ದಾಟಿತು. ಅದು ಕಣ್ಮರೆಯಾಗುವ ತನಕ ಅವಳು ಅದರ ಚಕ್ರಗಳನ್ನೇ ನೋಡಿದಳು.

ಏಪ್ರಿಲ್‌ನಲ್ಲಿ ರಸ್ತೆ ಪಕ್ಕದ ಸೇಬಿನ ತೋಟದ ಫೋಟೋ ಕಳಿಸಲು ತಾನೇ ಹೇಳಿದಳು. ಗಿಡದ ತುಂಬ ಹೂವು. ವಾಣಿ ಬೆರಳಲ್ಲಿ ಹಿಗ್ಗಿಸಿ ಎಲೆಯ ಅಂಚನ್ನೇ ನೋಡಿದಳು. ತಿರುವಿನ ಎಡಗಡೆಯ ಮೂರು ಗಿಡಗಳಲ್ಲಿ ಎಲೆಯ ತುದಿ ಉಪ್ಪಿಗೆ ಸುಟ್ಟಂತೆ ಕಂದಿತ್ತು.

ಆ ಕ್ಷಣವೇ ಫೋನು ಮಾಡಿದಳು. "ಎಡಗಡೆ ನೀರು ತೋಟಕ್ಕೆ ಹೋಗೈತೆ. ನೀವು ಹೇಳಲಿಲ್ಲ."

"ನಾನು ಗಮನಿಸಿರಲಿಲ್ಲ ಅಕ್ಕಾರೆ."

"ನಾನು ಗಮನಿಸ್ತೀನಿ ಬಿಡ್ರಿ" ಅಂದಳು. ಅದೇ ವಾರ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ವಾಲ್ವ್ ಜೋಡಿಸಿದ ಹೊಸ ಪೈಪು ಕಟ್ಟಿ, ತಿರುವಿನಲ್ಲಿ ಯಾವುದನ್ನು ಮುಚ್ಚಬೇಕೆಂದು ಅದರ ಮೇಲೆ ಕೆಂಪು ಬಣ್ಣದಲ್ಲಿ ಬರೆದು, ಪಾರ್ಸೆಲ್ ಲಾರಿಗೆ ಹಾಕಿ ಹಿಮಾಚಲಕ್ಕೆ ಕಳಿಸಿದಳು.