ಲಾರಿ ಓಡಿಸುವುದಕ್ಕೊಂದು ಲ್ಯಾಪ್‌ಟಾಪ್

ನಮ್ಮ ಬೀದಿಯ ಕನ್ನಡಕದ ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ಶಾಲೆಯಲ್ಲಿ ಉತ್ತರ ಬರೆದು, ಅಳಿಸಿ, ಮತ್ತೆ ಅದನ್ನೇ ಬರೆಯುತ್ತಿದ್ದವನು. ಈಗ ತಲೆ ನರೆತಿದೆ, ಅನುಮಾನ ನರೆತಿಲ್ಲ. ಆದರೆ ಆ ಅನುಮಾನವೇ ಅವನಿಗೆ ಅನ್ನ ಕೊಟ್ಟಿದೆ. ಗಿರಾಕಿಯ ಮೂಗಿನ ಮೇಲೆ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣುತ್ತಾ, ಮೊದಲಿನದಾ?" ಎಂದು ಕೇಳುತ್ತಲೇ ಇರುತ್ತಾನೆ. ಅವಸರದವರನ್ನು ಕಂಡರೆ ಅವನಿಗಾಗದು.

ಅವನ ತಮ್ಮ ಲಾರಿ ಚಾಲಕನಾಗಿದ್ದ. ಅಪಘಾತದಲ್ಲಿ ಕಾಲುಗಳ ಸ್ವಾಧೀನ ತಪ್ಪಿದ ಮೇಲೆ ಬೇರೆ ಊರಿನ ಅಕ್ಕನ ಮನೆಯಲ್ಲಿ ಒಂದು ಕೋಣೆ ಹಿಡಿದುಬಿಟ್ಟ. ಫೋನ್ ಎತ್ತುವುದು ಅಪರೂಪ; ಎತ್ತಿದರೂ "ಹ್ಞೂಂ" ಎಂಬುದರಾಚೆ ಮಾತಿಲ್ಲ. ಅವನು ಬಾಯಿ ಬಿಡುವುದು ಭಾನುವಾರ ಮಧ್ಯಾಹ್ನ, ಅಣ್ಣತಮ್ಮಂದಿರು ತಂತಮ್ಮ ಲ್ಯಾಪ್‌ಟಾಪಿನ ಮುಂದೆ ಕುಳಿತು ಇಂಟರ್ನೆಟ್ಟಿನ ಮೂಲಕ ಆಟದ ಒಂದೇ ರಸ್ತೆಯಲ್ಲಿ ಜೊತೆಯಾಗಿ ಲಾರಿ ಓಡಿಸುವಾಗ ಮಾತ್ರ. ಅಣ್ಣನ ಲಾರಿ ಹಳ್ಳಕ್ಕಿಳಿದರೆ ಬೈಯುತ್ತಾನೆ, ಒಮ್ಮೊಮ್ಮೆ ನಗುತ್ತಾನೆ. ಅಣ್ಣನಿಗೆ ಆಟದ ಹುಚ್ಚೇನೂ ಇಲ್ಲ. ಆ ಬೈಗುಳ ಕೇಳಲೆಂದೇ ವಾರವಿಡೀ ಕಾಯುತ್ತಾನೆ.

ಹೀಗಿರುವಾಗ ಇವನ ಲ್ಯಾಪ್‌ಟಾಪ್ ಆಟದ ನಡುವೆಯೇ ಬಿಸಿಯೇರಿ ಕಣ್ಣು ಮುಚ್ಚಿತು. ರಿಪೇರಿಯವನು ಬಿಚ್ಚಿ ನೋಡಿ ಕೈಚೆಲ್ಲಿದ. ಮುಂದಿನ ಭಾನುವಾರ ತಮ್ಮ ಕಾದು ಕಾದು, ಗೋಡೆಯ ಕಡೆ ತಿರುಗಿ ಮಲಗಿದನೆಂದು ಅಕ್ಕ ತಿಳಿಸಿದಳು. ಅಂದಿನಿಂದ ಇವನಿಗೆ ಊಟ ಸೇರಲಿಲ್ಲ. ಇನ್ನೊಂದು ಭಾನುವಾರ ತಪ್ಪಿದರೆ ಆ ಬಾಯಿ ಮುಚ್ಚಿಯೇ ಹೋದೀತೆಂಬ ಹೆದರಿಕೆ.

ಶನಿವಾರ ನನ್ನ ಮನೆಗೆ ಬಂದ. "ಮೇಷ್ಟ್ರೇ, ಹೊಸದು ತರೋಣ ಬನ್ನಿ. ಒಬ್ಬನೇ ಹೋದ್ರೆ ಎಡವಟ್ಟು ಮಾಡ್ಕೋತೀನಿ."

"ನನಗೇನು ಗೊತ್ತಯ್ಯಾ ಅದರದ್ದೆಲ್ಲ?"

"ಗೊತ್ತಿಲ್ದಿರೋರೇ ಬೇಕು. ಗೊತ್ತಿರೋರು ಒಬ್ಬೊಬ್ರು ಒಂದೊಂದು ಹೇಳಿ ತಲೆ ಕೆಡಿಸಿಟ್ಟಿದಾರೆ."

ಅಂಗಡಿಯಲ್ಲಿ ಅವನು ಭಾನುವಾರದ ಲಾರಿ ಆಟಕ್ಕೆಂದು ಹೇಳಿ, ಜೇಬಿನಿಂದ ತನ್ನದೇ ಬಟ್ಟೆ ತೆಗೆದು ಪರದೆಗಳನ್ನು ಒರೆಸಿದ. ಹಿಂದೆ ಸರಿದು ನಿಂತು ಒಂದು ಕಣ್ಣು ಮುಚ್ಚಿದ, ಆಮೇಲೆ ಇನ್ನೊಂದು. ಮಾರುವ ಹುಡುಗಿ ನಗು ತಡೆದುಕೊಂಡು, "ಸರ್, ಪರೀಕ್ಷೆ ಕಣ್ಣಿಗೋ ಲ್ಯಾಪ್‌ಟಾಪ್‌ಗೋ?" ಎಂದಳು.

ಅವನು ತೆಳ್ಳನೆಯದೊಂದನ್ನು ಮುಟ್ಟಿ, "ಇದು. ಅಕ್ಷರ ಎಷ್ಟು ಚೊಕ್ಕವಾಗಿ ಕಾಣುತ್ತೆ ನೋಡಿ" ಎಂದ.

"ಓದೋಕೆ ಬರೆಯೋಕೆ ಚೆಂದ ಸರ್. ಆದ್ರೆ ಆಟದ ಚಿತ್ರ ಓಡಿಸೋಕೆ ಇದರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ನಿಮ್ಮ ಲಾರಿ ತಡವರಿಸುತ್ತೆ."

ಅವನ ಮುಖ ಸಪ್ಪಗಾಯಿತು. ಇನ್ನೇನು ಕೊಂಡೇಬಿಡುತ್ತಿದ್ದ. ಹುಡುಗಿ ಒಳ್ಳೆಯ ಕಾರ್ಡ್ ಇರುವ ಎರಡನ್ನು ಮುಂದಿಟ್ಟಳು. ಒಂದು ನಾಜೂಕಾದದ್ದು, ಪರದೆ ಫಳಫಳ. ಇನ್ನೊಂದು ದಪ್ಪನೆಯದು, ಭಾರ, ಪರದೆ ಸ್ವಲ್ಪ ಮಂಕು.

"ಯಾವಾಗಲೋ ಒಮ್ಮೆ ಆಡೋರಿಗೆ ಯಾವುದಾದ್ರೂ ಆಗುತ್ತೆ ಸರ್."

"ಆ ಒಮ್ಮೆ ಬಿಟ್ರೆ ಬೇರೆ ಹೊತ್ತಿಲ್ಲಮ್ಮ ನಮಗೆ," ಎಂದು ಅವನು ಗೊಣಗಿದ. ಎರಡರ ನಡುವೆ ಓಡಾಡಿದ. ಅಂಗಿಯ ಬೆನ್ನು ಒದ್ದೆಯಾಗಿತ್ತು.

"ತಮ್ಮನನ್ನೇ ಕೇಳಬಾರದೇನಯ್ಯಾ?" ಎಂದೆ.

"ಎತ್ತದೇ ಹೋದ್ರೆ ಮೇಷ್ಟ್ರೇ?"

ಆದರೂ ಫೋನ್ ಮಾಡಿದ. ಮೊದಲ ಸಲ ಬರಿದೇ ಗಂಟೆ ಬಾರಿಸಿ ನಿಂತಿತು. ಎರಡನೆಯ ಸಲ, "ಏನು?" ಎಂಬ ದನಿ ಬಂತು. ಇವನು ತೊದಲುತ್ತ ವಿಷಯ ಹೇಳಿದ.

"ಎರಡರಲ್ಲೂ ಆಟ ಹಾಕ್ಸು. ಅದರೊಳಗಿನ ಫ್ಯಾನಿನ ಹತ್ರ ಫೋನ್ ಹಿಡಿ," ಎಂದ ತಮ್ಮ.

ಇಂಜಿನ್ನಿನ ಸದ್ದಿನಲ್ಲೇ ಅದರ ರೋಗ ಪತ್ತೆಹಚ್ಚುತ್ತಿದ್ದ ಚಾಲಕ ಅವನು. ಇವನು ನಾಜೂಕಿನದರ ಪಕ್ಕದಲ್ಲಿ ಫೋನ್ ಹಿಡಿದ, ಆಮೇಲೆ ದಪ್ಪನೆಯದರ ಪಕ್ಕದಲ್ಲಿ.

"ಮೊದಲನೇದು ಏರಿನಲ್ಲಿ ಏದುಸಿರು ಬಿಡೋ ಗಾಡಿ. ಎರಡನೇದು ತಗೋ."

"ಮಂಕಾಗಿ ಕಾಣುತ್ತಲ್ಲೋ."

"ರಸ್ತೆ ಕಂಡ್ರೆ ಸಾಕಣ್ಣ, ಅಲ್ಲೂ ಕನ್ನಡಕ ಮಾರ್ಬೇಡ. ನಿನ್ನ ಹಳೇ ಡಬ್ಬ ನಿಂತು ನಿಂತು ಬರ್ತಿತ್ತು ಅಂತ ನಾನೂ ಇಷ್ಟು ದಿನ ತೆವಳ್ಕೊಂಡು ಹೋಗ್ತಿದ್ದೆ."

ದಪ್ಪನೆಯದನ್ನು ತಬ್ಬಿಕೊಂಡು ಹೊರಗೆ ಬಂದವನ ಮುಖದಲ್ಲಿ ಗೆಲುವಿರಲಿಲ್ಲ. "ನನಗೋಸ್ಕರ ನಿಧಾನ ಮಾಡ್ತಿದ್ದನಂತೆ ಮೇಷ್ಟ್ರೇ. ಇನ್ನು ಅವನು ಮುಂದೆ ಹೋಗಿಬಿಟ್ರೆ, ಬೈಸ್ಕೊಳ್ಳೋಕೆ ನಾನು ಪಕ್ಕದಲ್ಲೇ ಇರಲ್ಲ."

ಭಾನುವಾರ ನಾನೂ ಅವನ ಮನೆಗೆ ಹೋಗಿ ಕುಳಿತೆ. ಆಟ ತಡವರಿಸದೆ ಶುರುವಾಯಿತು. ತಮ್ಮನ ಲಾರಿ ಬಾಣದಂತೆ ಹೊರಟು ಪರದೆಯಿಂದಲೇ ಮರೆಯಾಯಿತು. ದನಿಯೂ ಇಲ್ಲ. ಖಾಲಿ ರಸ್ತೆಯಲ್ಲಿ ಅಣ್ಣ ಬೆವರುತ್ತ ಓಡಿಸಿದ; ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಗ ಲ್ಯಾಪ್‌ಟಾಪಿನಿಂದ ತಮ್ಮನ ದನಿ ಬಂತು. "ಅಣ್ಣ, ಮುಂದೆ ಎಡಕ್ಕೆ ಕೆಟ್ಟ ತಿರುವು. ಈಗ್ಲೇ ಬ್ರೇಕ್ ಹಾಕು. ಸೇತುವೆ ಹತ್ರ ನಿಂತಿರ್ತೀನಿ, ಬಾ."

ಅಣ್ಣನ ಕಾಲು ಮೇಜಿನ ಕೆಳಗೆ, ಇಲ್ಲದ ಬ್ರೇಕನ್ನು ಬಲವಾಗಿ ತುಳಿಯಿತು.