ಪಕ್ಕದೂರಿನ ಪೈಪು

ಅಗ್ನಿಶಾಮಕ ಠಾಣೆಯ ಆ ಡ್ರೈವರಿಗೆ ಗಾಡಿಯ ಹಿತ್ತಾಳೆ ಸಾಮಾನು ಫಳಫಳ ಹೊಳೆಯದಿದ್ದರೆ ಊಟ ಸೇರುತ್ತಿರಲಿಲ್ಲ. "ಇವ್ರಿಗೆ ನನ್ನ ಮುಖಕ್ಕಿಂತ ಆ ನಲ್ಲಿ ಮುಖಾನೇ ಚೆಂದ" ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ. ಆ ಹೆಮ್ಮೆಯೇ ಪುಣ್ಯಾತ್ಮನನ್ನು ಕೆಡಿಸಿತು ನೋಡಿ.

ಪಕ್ಕದೂರಿನ ಠಾಣೆಗೂ ಇವರಿಗೂ ಹಳೇ ಒಪ್ಪಂದ. ಅಲ್ಲಿ ಬೆಂಕಿ ಬಿದ್ದರೆ ಇವರು ಓಡಬೇಕು, ಇಲ್ಲಿ ಬಿದ್ದರೆ ಅವರು. ತೊಡಕು ಒಂದೇ, ಎರಡೂ ಕಡೆಯ ಪೈಪಿನ ಬಾಯಿ ಬೇರೆ ಬೇರೆ ಅಳತೆಯವು. ನಡುವೆ ಒಂದು ಹಿತ್ತಾಳೆ ಅಡಾಪ್ಟರ್ ಹಾಕಿದರಷ್ಟೇ ಇವರ ಗಾಡಿಯ ನೀರು ಅವರ ಪೈಪಿಗೆ ಹೋಗುವುದು. ಅದು ಇವನ ಗಾಡಿಯ ಪೆಟ್ಟಿಗೆಯಲ್ಲೇ ಇರಬೇಕು, ಜಪ್ಪಯ್ಯ ಅಂದರೂ ಕದಲಬಾರದು.

ಆವತ್ತು ಸಾಹೇಬರು ತಪಾಸಣೆಗೆ ಬರುತ್ತಾರೆಂದು ಅದನ್ನು ಹೊರತೆಗೆದು, ತಿಕ್ಕಿ ತೊಳೆದು, ಕಿಟಕಿಯ ಬಿಸಿಲಿಗಿಟ್ಟ. ಅಷ್ಟರಲ್ಲಿ ಫೋನು: ಪಕ್ಕದೂರಿನ ಹಾಸಿಗೆ ಅಂಗಡಿಗೆ ಬೆಂಕಿ! ಎದ್ದೆನೋ ಬಿದ್ದೆನೋ ಎಂದು ಗಾಡಿ ಹೊರಡಿಸಿದ.

ಅಲ್ಲಿ ಅವರ ಗಾಡಿಯ ನೀರು ಮುಗಿಯುತ್ತ ಬಂದಿತ್ತು. ಅಂಗಡಿಯೊಳಗೆ ಪೈಪು ಹಿಡಿದು ನಿಂತವನು ಎಲ್ಲರೂ ಮೀಸೆ ಎಂದೇ ಕರೆಯುವವನು, ಇವನ ಜೊತೆಗೇ ತರಬೇತಿ ಮುಗಿಸಿದ ಗೆಳೆಯ. "ಬೇಗ ಜೋಡಿಸ್ರೀ!" ಎಂದು ಅಲ್ಲಿನ ಅಧಿಕಾರಿ ಕೂಗಿದರು. ಇವನು ಪೆಟ್ಟಿಗೆ ತೆರೆದ. ಅಡಾಪ್ಟರ್ ಕಿಟಕಿಯಲ್ಲೇ ಉಳಿದಿತ್ತು. ಮರೆತು ಬಂದೆ ಅನ್ನಬಾರದೇ? ಹಾಳಾದ ನಾಲಿಗೆ ಬೇರೆಯೇ ಹೇಳಿತು: "ನಿಮ್ಮ ಪೈಪಿನ ಬಾಯಿಯ ಥ್ರೆಡ್ ಸವೆದಿದೆ ಸಾರ್, ಅಡಾಪ್ಟರ್ ಕೂರ್ತಾನೇ ಇಲ್ಲ!"

ತನ್ನದೇ ಪೈಪು ಬಿಚ್ಚಿ ಎಳೆಯುವಷ್ಟರಲ್ಲಿ ಏಳು ನಿಮಿಷ ಹೋಯಿತು. ಮೀಸೆಯ ಕೈಯಲ್ಲಿ ನೀರು ನಿಂತಿತು, ಉರಿಯುವ ತೊಲೆ ಬಿತ್ತು, ಎರಡೂ ಕೈ ಸುಟ್ಟವು. ಹೊರಗೆ ಕುಸಿದ ಗೋಡೆಯಡಿ ಅವರ ಪೈಪಿನ ಬಾಯಿ ಅಪ್ಪಚ್ಚಿಯಾಗಿ, ಥ್ರೆಡ್ ಪರೀಕ್ಷಿಸುವಂತಿಲ್ಲದೆ ಇವನ ಸುಳ್ಳು ಬಚಾವಾಯಿತು. ಆ ಠಾಣೆಯ ಪೈಪುಗಳ ಜವಾಬ್ದಾರಿ ಮೀಸೆಯದು, ವಿಚಾರಣೆಯೂ ಅವನ ಮೇಲೇ ಬಂತು.

ಹತ್ತು ದಿನ ಇವನು ಹಿತ್ತಾಳೆ ಮುಟ್ಟಲಿಲ್ಲ. ಹನ್ನೊಂದನೇ ದಿನ ಆಸ್ಪತ್ರೆಗೆ ಹೋದ.

"ಬಾರೋ" ಎಂದ ಮೀಸೆ, ಬ್ಯಾಂಡೇಜಿನ ಕೈಗಳನ್ನು ದಿಂಬಿನ ಮೇಲಿಟ್ಟುಕೊಂಡು. "ತಪ್ಪು ನಂದೇ ಕಣೋ. ಮೂರು ತಿಂಗಳಿಂದ ಆ ಥ್ರೆಡ್ ನೋಡೇ ಇರ್ಲಿಲ್ಲ. ಕೆಲಸದಿಂದ ತೆಗೆದ್ರೆ ತೆಗೀಲಿ. ಆದ್ರೆ ನೀನು ಬರದಿದ್ರೆ ಬೀದಿಗೆ ಬೀದೀನೇ ಹೋಗ್ತಿತ್ತು ಅಂತ ವಿಚಾರಣೇಲಿ ಬರೆಸಿದೀನಿ."

ಇವನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಥ್ರೆಡ್ ಸರಿಯಾಗೇ ಇತ್ತು ಕಣೋ. ಅಡಾಪ್ಟರ್ ನಾನು ತಂದಿರ್ಲಿಲ್ಲ. ಸುಳ್ಳು ಹೇಳ್ದೆ. ಸಾಹೇಬ್ರಿಗೆ ಈಗಷ್ಟೇ ಬರೆದುಕೊಟ್ಟು ಬಂದೆ."

ಮೀಸೆ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮುಖವನ್ನು ಗೋಡೆ ಕಡೆ ತಿರುಗಿಸಿದ.

"ಮರೆತಿದ್ದು ಬಿಡು, ಮನುಷ್ಯನಿಗೆ ಮರೆವು ಇದ್ದದ್ದೇ" ಎಂದ. "ಆದ್ರೆ ಸುಳ್ಳು ಹೇಳ್ದೆಯಲ್ಲೋ. ಹತ್ತಿರದಲ್ಲಿರೋದು ನಿಮ್ಮದೊಂದೇ ಠಾಣೆ. ನಾಳೆ ನಮ್ಮೂರಲ್ಲಿ ಬೆಂಕಿ ಬಿದ್ರೆ ನಾವು ಯಾರನ್ನ ನಂಬಿಕೊಂಡು ಒಳಗೆ ಹೋಗೋಣ, ಹೇಳು?"