ಎರಡನೇ ಸಲ ಮೂಸುವ ಮೊದಲು

ಅವರ ಮೂಗುಬೊಟ್ಟಿನ ಏಳು ಕಲ್ಲುಗಳ ಸಂದಿಯಲ್ಲಿ ಸದಾ ಹಿಟ್ಟು ಕೂತಿರುತ್ತಿತ್ತು. ಬೆಳಿಗ್ಗೆ ಅಕ್ಕಿಯ ಬಿಳಿ, ಮಧ್ಯಾಹ್ನಕ್ಕೆ ರಾಗಿಯ ಕಂದು. ಮೂಗು ನೋಡಿಯೇ ಒಳಗೆ ಏನು ಬೀಸುತ್ತಿದ್ದಾರೆ ಎಂದು ಹೇಳಬಹುದಿತ್ತು.

ಬಸವೇಶ್ವರನಗರದ ನಮ್ಮ ರಸ್ತೆಯ ಹಿಟ್ಟಿನ ಮಿಲ್ಲು ಅವರದು. ಇಡೀ ಬೀದಿಗೆ ಅವರು ಮಿಲ್ ಆಂಟಿ. ಹಿಟ್ಟಿನ ಮಷೀನನ್ನು ಸೊಸೆಗೆ ಬಿಟ್ಟುಕೊಟ್ಟು, ಎಡಮೂಲೆಯಲ್ಲಿ ತಮ್ಮದೇ ಒಂದು ರಾಜ್ಯ ಕಟ್ಟಿಕೊಂಡಿದ್ದರು: ಹುರಿಯಲು ದೊಡ್ಡ ಬಾಣಲೆ, ಕಲ್ಲು ತಿರುಗುವ ಪುಟ್ಟ ಮಷೀನು, ಕಪಾಟಿನ ತುಂಬ ಕಾಲು ಕೆಜಿಯ ಗಾಜಿನ ಬಾಟ್ಲಿಗಳು. ಕಡ್ಲೆಬೀಜ, ಬಾದಾಮಿ, ಗೋಡಂಬಿಯನ್ನು ಹುರಿದು ನುಣ್ಣಗೆ ಅರೆದು ಬೆಣ್ಣೆ ಮಾಡಿ ಮಾರುತ್ತಿದ್ದರು. ಸಕ್ಕರೆಯಿಲ್ಲ, ಉಪ್ಪಿಲ್ಲ, ಕೆಡದಂತೆ ಕಾಯುವ ಪುಡಿಯೂ ಇಲ್ಲ. ಕಾಯಲು ಇದ್ದದ್ದು ಆ ಮೂಗು ಮಾತ್ರ.

ನಾನು ಎದುರಿನ ಜಿಮ್ಮಿಗೆ ಸೇರಿ ಆಗ ಎರಡು ತಿಂಗಳು. ಅಷ್ಟರಲ್ಲಿ ನನ್ನ ಮೈಯಲ್ಲಿ ಬೆಳೆದದ್ದು ಗಡ್ಡ ಒಂದೇ. ಕೆಲಸ ಬೈಕ್ ಶೋರೂಮಿನಲ್ಲಿ. ಚಾಳಿ, ಸಿಕ್ಕವರ ದನಿ ಕದಿಯುವುದು. ಮ್ಯಾನೇಜರ್, ಟ್ರೇನರ್, ನಮ್ಮಪ್ಪ, ಯಾರನ್ನೂ ಬಿಟ್ಟವನಲ್ಲ. ಟ್ರೇನರ್ "ಪೀನಟ್ ಬಟರ್ ತಿನ್ನು ಮಗಾ" ಅಂದ ದಿನವೇ ಮಿಲ್ಲಿಗೆ ಹೋಗಿ ಒಂದು ಕೆಜಿ ಕೇಳಿದೆ.

"ಮನೇಲಿ ಎಷ್ಟು ಜನ ತಿಂತಾರೆ?" ಅಂದರು.

"ನಾನೊಬ್ನೇ ಆಂಟಿ."

"ಹಾಗಾದ್ರೆ ಕಾಲು ಕೆಜಿ ತಗೊಂಡೋಗು. ದೊಡ್ಡ ಬಾಟ್ಲಿ ದಿನಾ ತೆಗೆದ್ರೆ ದಿನಾ ಗಾಳಿ ಹೋಗತ್ತೆ. ಮುಗಿಸ್ಕೊಂಡು ಮತ್ತೆ ಬಾ."

ಕೇಳಿದ್ದಕ್ಕಿಂತ ಕಮ್ಮಿ ಮಾರುವ ಅಂಗಡಿಯವರನ್ನು ನಾನು ನೋಡಿದ್ದು ಅದೇ ಮೊದಲು. ಶೋರೂಮಿನಲ್ಲಿ ನಾವು ಹೆಲ್ಮೆಟ್ ಕೇಳಿದವನಿಗೆ ಬೈಕ್ ಕೊಟ್ಟು ಕಳಿಸುತ್ತೇವೆ.

ಮಾರನೆಯ ದಿನ ಬಾಟ್ಲಿಯಲ್ಲಿ ಒಂದು ಬೆರಳು ದಪ್ಪ ಎಣ್ಣೆ ತೇಲುತ್ತಿತ್ತು. ಕಳ್ಳನನ್ನು ಹಿಡಿದ ಇನ್ಸ್‌ಪೆಕ್ಟರ್ ಗತ್ತಿನಲ್ಲಿ ಹೋಗಿ ಕೇಳಿದೆ: "ಆಂಟಿ, ಎಣ್ಣೆ ಬೆರೆಸಿದೀರಾ?"

"ಏನೂ ಬೆರೆಸಿಲ್ವಲ್ಲಪ್ಪಾ, ಅದಕ್ಕೇ ತೇಲ್ತಿರೋದು. ಬೀಜದ್ದೇ ಎಣ್ಣೆ ಅದು. ಏನ್ಮಾಡ್ದೆ ಅದನ್ನ?"

"ಚೆಲ್ಬಿಟ್ಟೆ."

ಅವರು ನನ್ನ ಕೈಯಿಂದ ಬಾಟ್ಲಿ ತೆಗೆದುಕೊಂಡು ಚಮಚ ಚುಚ್ಚಿದರು. ಚಮಚ ನೆಟ್ಟಗೆ ನಿಂತಿತು. "ನೋಡು, ನಿನ್ ಥರಾನೇ ಆಗಿದೆ. ಒಣಕಲು." ಹಿಟ್ಟಿನ ಧೂಳಿಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದ ಸೊಸೆ, ಬಟ್ಟೆಯೊಳಗೇ ನಕ್ಕರು.

ಅವತ್ತು ನನಗೆ ಪೂರ್ತಿ ಪಾಠವಾಯಿತು. ತಂದ ದಿನ ಬಾಟ್ಲಿಯನ್ನು ತಲೆಕೆಳಗಾಗಿ ನಿಲ್ಲಿಸಬೇಕು. ಮೇಲಿದ್ದ ಎಣ್ಣೆ ಗಟ್ಟಿಯ ಮೂಲಕ ಹಾದು ಹೋಗುತ್ತದೆ. ಮಾರನೆಯ ದಿನ ಒಣ ಚಮಚದಲ್ಲಿ ತಳದಿಂದ ಕಲಸಿ ಫ್ರಿಜ್ಜಿಗಿಟ್ಟರೆ ಮತ್ತೆ ಬೇಗ ಬೇರೆಯಾಗುವುದಿಲ್ಲ. ಮುಚ್ಚಳ ಸಡಿಲ ಬಿಟ್ಟರೆ ಪಕ್ಕದ ಈರುಳ್ಳಿಯ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಒಲೆಯ ಪಕ್ಕ, ಕಿಟಕಿಯ ಬಿಸಿಲು ಕೂಡದು. ಹಳೆಯದರ ಮೇಲೆ ಹೊಸದನ್ನು ಸುರಿಯುವಂತಿಲ್ಲ. ಖಾಲಿ ಬಾಟ್ಲಿಯನ್ನು ತೊಳೆದು, ಬಾಟ್ಲಿ ಬೇರೆ ಮುಚ್ಚಳ ಬೇರೆ ಬಿಸಿಲಿಗಿಟ್ಟು, ಒಣಗಿಸಿ ವಾಪಸ್ ತರಬೇಕು. ಕೊನೆಗೆ ಎಲ್ಲರಿಗೂ ಹೇಳುತ್ತಿದ್ದ ಮಾತು: "ಇಟ್ಕೊಂಡು ನೋಡೋಕಲ್ಲ ನಾನ್ ಅರೆಯೋದು. ಚೆನ್ನಾಗಿರೋವಾಗ್ಲೇ ತಿಂದ್ಬಿಡಿ."

ಬಾಟ್ಲಿ ಕೊಡುವ ಮೊದಲೂ ಮೂಸುತ್ತಿದ್ದರು, ಖಾಲಿ ಬಾಟ್ಲಿ ಒಳಗೆ ತೆಗೆದುಕೊಳ್ಳುವ ಮೊದಲೂ ಮೂಸುತ್ತಿದ್ದರು. ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ, ಮದುವೆಗೆ ಹುಡುಗನನ್ನು ನೋಡುವವರ ಗಾಂಭೀರ್ಯದಲ್ಲಿ. ಇಂಥದ್ದು ಸಿಕ್ಕರೆ ನಾನು ಬಿಡುತ್ತೇನೆಯೇ? ಒಂದು ಸಂಜೆ ಜಿಮ್ಮಿನ ಮೆಟ್ಟಿಲ ಮೇಲೆ ನೀರಿನ ಬಾಟ್ಲಿ ಹಿಡಿದು, ಅದೇ ಕತ್ತು, ಅದೇ ಕಣ್ಣು, "ಮುಚ್ಚಳ ಒಣಗಿಲ್ಲ, ನಾಳೆ ತಗೊಂಬಾ" ಅಂತ ಅವರ ದನಿಯಲ್ಲೇ ರಾಗ ಎಳೆದೆ. ಹುಡುಗರು ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರೇ ಸುಮ್ಮನಾದರು. ತಿರುಗಿದರೆ ಆಂಟಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ.

ಬೈಗುಳಕ್ಕೆ ತಲೆ ತಗ್ಗಿಸಿದೆ. ಬಂದದ್ದು ತಿದ್ದುಪಡಿ.

"ದನಿ ಪರವಾಗಿಲ್ಲ. ಮೂಸೋದು ತಪ್ಪು. ಒಂದೇ ಸಮ ಮೂಸ್ತಾ ಇದ್ರೆ ಮೂಗಿಗೆ ಏನ್ ಗೊತ್ತಾಗತ್ತೆ? ಒಂದ್ ಸಲ ಮೂಸ್ಬೇಕು. ಬಾಟ್ಲಿ ದೂರ ಹಿಡೀಬೇಕು. ತನ್ನ ಸೆರಗೋ ತೋಳೋ ಮೂಸಿ ಮೂಗನ್ನ ಮನೆಗೆ ಕರ್ಕೊಂಬರ್ಬೇಕು. ಆಮೇಲೆ ಎರಡನೇ ಸಲ. ಸುಳ್ಳು ಇದ್ರೆ ಸಿಕ್ಕಿಬೀಳೋದು ಎರಡನೇ ಸಲಾನೇ. ಮಾಡು, ನೋಡೋಣ."

ಹನ್ನೆರಡು ಜನರ ಮುಂದೆ ನನ್ನ ಬೆವರಿನ ತೋಳನ್ನು ನಾನೇ ಮೂಸಿದೆ. ಆವತ್ತು ನಗು ಹುಟ್ಟಿಸಿದ್ದು ಅವರು, ನಗೆಪಾಟಲಾದದ್ದು ನಾನು. ಆದರೆ ಪಾಠ ಕಲಿತೆ: ಎರಡನೇ ಸಲ ಎಳೆಯುವಾಗ ಅವರ ಮೂಗಿನ ಹೊಳ್ಳೆ ಅರಳಿ ಮೂಗುಬೊಟ್ಟು ಒಂದು ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಅದನ್ನು ನಕಲು ಮಾಡಲು ನನ್ನಿಂದ ಕೊನೆಗೂ ಆಗಲಿಲ್ಲ.

ಒಂದು ಬೇಸಿಗೆಯಲ್ಲಿ ಅವರಿಗೆ ಜ್ವರ ಬಂತು. ಹದಿನೈದು ದಿನ ಎಡಮೂಲೆಯ ಮಷೀನು ತಿರುಗಲಿಲ್ಲ. ಮತ್ತೆ ಬಂದು ಕೂತಾಗ ಸ್ವಲ್ಪ ಇಳಿದಿದ್ದರು, ಬಾಯಿ ಇಳಿದಿರಲಿಲ್ಲ. "ಏನೋ, ಗಡ್ಡಕ್ಕೆ ಮಾತ್ರ ಗೊಬ್ಬರ ಹಾಕ್ತಿದೀಯಾ?" ಅಂದರು. ಎಲ್ಲ ಸರಿಯಾಗಿದೆ ಅಂದುಕೊಂಡೆ.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ನಾನು ಅಲ್ಲಿರುವಾಗಲೇ ಪಕ್ಕದ ಶಾಲೆಯ ಟೀಚರೊಬ್ಬರು ಹಿಂದಿನ ದಿನ ಕೊಂಡಿದ್ದ ಬಾಟ್ಲಿಯನ್ನು ವಾಪಸ್ ತಂದರು. "ಆಂಟಿ, ತಪ್ಪು ತಿಳ್ಕೋಬೇಡಿ, ಇದು ಏನೋ ಒಂಥರಾ ಇದೆ."

ಆಂಟಿ ಮುಚ್ಚಳ ತೆಗೆದರು. ಕಣ್ಣು ಮುಚ್ಚಿದರು. ಕತ್ತು ಓರೆ ಮಾಡಿ ಮೂಸಿದರು. "ಚೆನ್ನಾಗೇ ಇದೆಯಲ್ಲ ಟೀಚರೇ."

ಅವರು ಬಾಟ್ಲಿ ದೂರ ಹಿಡಿದಿರಲಿಲ್ಲ. ಸೆರಗು ಮೂಸಿರಲಿಲ್ಲ. ಮೂಗುಬೊಟ್ಟು ಅಲುಗಿರಲಿಲ್ಲ. ಜಿಮ್ಮಿನ ಮೆಟ್ಟಿಲ ಮೇಲೆ ನಾನು ಮಾಡಿದ್ದನ್ನೇ ಅವರು ಈಗ ಮಾಡಿದ್ದರು. ನಕಲು ಮಾಡುವವನ ಕಣ್ಣಿಗೆ ನಕಲು ತಪ್ಪಿಸಿಕೊಳ್ಳುವುದಿಲ್ಲ.

"ಕೊಡಿ ಆಂಟಿ, ಇದು ನಂಗಿರ್ಲಿ," ಅಂತ ಬಾಟ್ಲಿ ಕಸಿದು ಮೂಸಿದೆ. ತೊಳೆಯದೆ ಬಿಟ್ಟ ದೀಪದ ಜಿಡ್ಡಿನ ವಾಸನೆ, ಕಮಟು. ಕಪಾಟಿನಿಂದ ಜ್ವರಕ್ಕೆ ಮುಂಚಿನ ತಾರೀಖಿನ ಚೀಟಿ ಅಂಟಿದ್ದ ಒಂದು ಬಾಟ್ಲಿ ತೆಗೆದು, ತೋಳು ಮೂಸಿ, ಎರಡು ಸಲ ಮೂಸಿ ಟೀಚರಿಗೆ ಕೊಟ್ಟೆ. ಅವರು ಇದೂ ನನ್ನ ಒಂದು ಆಟವೆಂದು ನಗುತ್ತ ಹೋದರು.

"ಯಾವಾಗಿಂದ ಆಂಟಿ?" ಅಂದೆ.

"ಏನು ಯಾವಾಗಿಂದ?"

ಬಾಯಲ್ಲಿ ಹೇಳಲಾಗದೆ, ಅವರು ಆಗಷ್ಟೇ ಮೂಸಿದ್ದನ್ನು ಹಾಗೇ ಮಾಡಿ ತೋರಿಸಿದೆ. ಒಂದೇ ಸಲ. ಬಾಟ್ಲಿ ದೂರ ಹಿಡಿಯದೆ.

ಅವರು ರಾಗಿ ಚೀಲದ ಮೇಲೆ ಕೂತರು. "ಜ್ವರ ಬಿಟ್ಮೇಲೆ. ಕಾಫಿನೂ ಇಲ್ಲ, ಊದುಬತ್ತಿನೂ ಇಲ್ಲ. ಬಣ್ಣ ನೋಡ್ಕೊಂಡು, ಚಟಪಟ ಸದ್ದು ಕೇಳ್ಕೊಂಡು ಹುರೀತಿದೀನಿ. ಇವತ್ತು ಬರತ್ತೆ, ನಾಳೆ ಬರತ್ತೆ ಅಂತ..." ಕಪಾಟಿನ ಬಾಟ್ಲಿಗಳತ್ತ ತಿರುಗಿದರು. "ಹೊಸ ಮೂಟೆ ಬೀಜ ತಂದಾಗ ಮೂಸ್ದಂಗೆ ಮಾಡಿ ತಂದ್ಬಿಟ್ಟೆ ಕಣೋ. ಬೀಜಾನೇ ಹಳೇದಿರ್ಬೇಕು."

ಇಷ್ಟು ವರ್ಷ ಒಂದು ಕಮಟು ಬಾಟ್ಲಿಯೂ ಆ ಅಂಗಡಿಯಿಂದ ಹೊರಗೆ ಹೋಗಿರಲಿಲ್ಲ. ಅವರಿಗೆ ಇದ್ದ ಹೆಸರೆಲ್ಲ ಅದೊಂದರಿಂದಲೇ. ನಾನು ತಗ್ಗಿದ ದನಿಯಲ್ಲಿ ಹೇಳಿದೆ: "ದಿನಾ ಬೆಳಿಗ್ಗೆ ನಾನ್ ಬಂದು ಮೂಸಿ ಹೋಗ್ತೀನಿ. ಯಾರಿಗೂ ಗೊತ್ತಾಗಲ್ಲ. ನೀವು ಸುಮ್ನೆ ಮೂಸ್ದಂಗೆ ಮಾಡ್ತಿರಿ."

ಅವರು ನನ್ನನ್ನೇ ನೋಡಿದರು. "ಮೂಸು. ಆದ್ರೆ ಸುಮ್ನೆ ಮಾಡೋದು ನಿನ್ ಕಸುಬು ಕಣೋ, ನಂದಲ್ಲ."

ಆ ಮೂಟೆಯಿಂದ ಅರೆದದ್ದನ್ನೆಲ್ಲ ಅವತ್ತೇ ಸುರಿದರು. ಕೊಂಡವರ ಮನೆಮನೆಗೆ ಸೊಸೆಯನ್ನೂ ನನ್ನನ್ನೂ ಓಡಿಸಿ ಬಾಟ್ಲಿ ವಾಪಸ್ ತರಿಸಿದರು. ಮಾರನೆಯ ದಿನ ಕಪಾಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹಲಗೆ ನೇತಾಡುತ್ತಿತ್ತು: "ನನಗೆ ವಾಸನೆ ಗೊತ್ತಾಗುತ್ತಿಲ್ಲ. ಇಲ್ಲೇ ಮೂಸಿ ನೋಡಿ ತೆಗೆದುಕೊಳ್ಳಿ."

ಅಂಗಡಿ ಮುಗಿಯಿತು ಅಂದುಕೊಂಡೆ. ಕೆಲವರು ಬಿಟ್ಟು ಹೋದದ್ದು ನಿಜ. ನಮ್ಮ ಟ್ರೇನರೇ "ಮೂಗಿಲ್ದೋರ ಹತ್ರ ಏನ್ ತಗೊಳ್ಳೋದು ಗುರು" ಅಂತ ಸೂಪರ್‌ ಮಾರ್ಕೆಟ್ಟಿನ ಡಬ್ಬಿಗೆ ಹೋದ. ಆದರೆ ಟೀಚರು ಬಂದರು. ಹಲಗೆ ಓದಿದರು. ಬಾಟ್ಲಿ ತೆಗೆದು ಮೂಸಲು ಹೊರಟರು. "ಹಾಗಲ್ಲ ಟೀಚರೇ," ಅಂತ ಆಂಟಿ ಎದ್ದು ನಿಂತರು, "ಎರಡನೇ ಸಲ ಮೂಸೋ ಮುಂಚೆ..." ಆಮೇಲೆ ಒಂದೊಂದು ದಿನ ಅಂಗಡಿಯ ಮುಂದೆ ನಾಲ್ಕೈದು ಜನ ತಮ್ಮ ತಮ್ಮ ತೋಳು ಮೂಸುತ್ತ ನಿಂತಿರುತ್ತಿದ್ದರು. ಹೊಸದಾಗಿ ಬಂದವರು ಇದೇನು ಬೀದಿಯಪ್ಪಾ ಎಂದು ನಿಂತು ನೋಡುತ್ತಿದ್ದರು. ಆಂಟಿ ನನ್ನನ್ನೂ ಸೊಸೆಯನ್ನೂ ಪಕ್ಕಪಕ್ಕ ಕೂರಿಸಿ ಬೀಜ ಮೂಸಿಸುತ್ತಿದ್ದರು. ಪರೀಕ್ಷೆಯಲ್ಲಿ ನಾನು ಹತ್ತಕ್ಕೆ ಆರು, ಸೊಸೆ ಹತ್ತಕ್ಕೆ ಹತ್ತು. ಹಾಗಂತ ಎಲ್ಲರ ಮುಂದೆಯೂ ಕೂಗಿ ಹೇಳುತ್ತಿದ್ದರು.

ವಾಸನೆಯ ಅರಿವು ಅವರಿಗೆ ಮರಳಿ ಬರಲೇ ಇಲ್ಲ. ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ, ವಾಸನೆಯಿಲ್ಲದ ಕಾಫಿಯನ್ನು ಕುಡಿದು ಮುಗಿಸಿ, ಕೂತಲ್ಲೇ ಹೋದರು.

ನಮ್ಮ ಮನೆಯ ಫ್ರಿಜ್ಜಿನಲ್ಲಿ ಅವರ ಕೈಬರಹದ ಚೀಟಿ ಅಂಟಿದ್ದ ಒಂದು ಬಾಟ್ಲಿ ಉಳಿದಿತ್ತು. "ನೆನಪಿಗೆ ಇರ್ಲಿ ಕಣೋ, ಮುಟ್ಬೇಡ," ಅಂದರು ಅಮ್ಮ. ನಾನು ಒಣ ಚಮಚ ಹಾಕಿ ದಿನಾ ತಿಂದೆ. ಚೆನ್ನಾಗಿರುವಾಗಲೇ ಮುಗಿಸಿದೆ. ಚೀಟಿ ನೆನೆಯದಂತೆ ಬಾಟ್ಲಿ ತೊಳೆದು ಕಾಂಪೌಂಡ್ ಗೋಡೆಯ ಮೇಲೆ ಬಿಸಿಲಿಗಿಟ್ಟು, ಮಿಲ್ಲಿಗೆ ಕೊಂಡು ಹೋದೆ.

ಎಡಮೂಲೆಯಲ್ಲಿ ಸೊಸೆ ಕೂತಿದ್ದರು, ಮುಖದ ಬಟ್ಟೆ ಬಿಚ್ಚಿ. ಬಾಟ್ಲಿ ತೆಗೆದುಕೊಂಡರು. ಚೀಟಿಯ ಮೇಲಿನ ಅಕ್ಷರ ನೋಡಿದರು. ಮುಚ್ಚಳ ತೆಗೆದು ಒಂದು ಸಲ ಮೂಸಿದರು. ದೂರ ಹಿಡಿದರು. ಸೆರಗು ಮೂಸಿದರು. ಎರಡನೇ ಸಲ ಮೂಸಿದರು.

"ಮುಚ್ಚಳ ಒಣಗಿಲ್ಲ," ಅಂದರು. "ನಾಳೆ ತಗೊಂಬನ್ನಿ."

ಜೀವಮಾನದಲ್ಲಿ ಯಾವ ಚಪ್ಪಾಳೆಗೂ ನಾನು ಅಷ್ಟು ಹೆಮ್ಮೆಯಿಂದ ಮನೆಗೆ ಹೋದವನಲ್ಲ. ಗೋಡೆಯ ಮೇಲೆ ಮತ್ತೆ ಇಟ್ಟೆ, ಬಾಟ್ಲಿ ಬೇರೆ, ಮುಚ್ಚಳ ಬೇರೆ.